ವಾಸನೆಯಿಲ್ಲದ ನೀರು

ಖಾಲಿ ಕ್ಯಾನುಗಳು ಕಪ್ಪು ಲಾವಾ ಕಲ್ಲಿಗೆ ಬಡಿಯುವ ಸದ್ದು ಮುಂಜಾನೆಯೇ ಕಿವು ಸರೋವರದ ದಡಕ್ಕಿಳಿದು ಬಂತು. ಅದರ ಬೆನ್ನಿಗೇ ಗುಡ್ಡದ ಕಡೆಯಿಂದ ಫಿರಂಗಿ ಗುಡುಗಿತು. ಕನ್ಯೆರೆ ಸಿರಿಂಜನ್ನು ಎದೆಗವುಚಿಕೊಂಡಳು.

ಕಾಂಗೋದ ಗೋಮಾ ಊರಿಗೆ ಕರೆಂಟು ಕಡಿದು ಆರು ದಿನ. ಪಂಪು ನಿಂತು, ಊರಿಗೆ ಊರೇ ಸರೋವರದ ನೀರು ಕುಡಿಯುತ್ತಿತ್ತು. ತುಂಬಿದ ಒಂದೊಂದು ಕ್ಯಾನಿಗೂ ರೋಗಾಣು ಸಾಯಲೆಂದು ಸೂಜಿಯಿಲ್ಲದ ಸಿರಿಂಜಿನಿಂದ ಕ್ಲೋರಿನ್ ಬಿಡುವುದು ಅವಳ ಕೆಲಸ.

ಅವಳ ಮನೆಯಲ್ಲಿ ಯಾರಿಗೂ ಗುಂಡು ತಗಲಿರಲಿಲ್ಲ. ಆದರೂ ಹಳ್ಳಿ ಬಿಟ್ಟು ಓಡುವ ದಾರಿಯಲ್ಲಿ ಮಗ ದಡಾರಕ್ಕೆ ಬಲಿಯಾದ. ಆಸ್ಪತ್ರೆ ಸುಟ್ಟುಹೋದ ವಾರ ಗಂಡ ಮಲೇರಿಯಾಕ್ಕೆ. ಶಿಬಿರದಲ್ಲಿ ಕಿರಿಮಗಳು, ಒಂದೇ ಹಗಲಲ್ಲಿ, ಕಾಲರಾಕ್ಕೆ.

ಮೊನ್ನೆ ಕ್ಲೋರಿನ್ ತರುವ ಬೈಕು ಬರಲಿಲ್ಲ. ಉಳಿದದ್ದು ಒಂದೇ ಬಾಟಲಿ. ನೆಂಟರು ಹೆಚ್ಚಾದಾಗ ಬೀನ್ಸ್ ಸಾರಿಗೆ ಮಾಡುವಂತೆ, ಎಲ್ಲರಿಗೂ ಸಾಲಲೆಂದು ನಿನ್ನೆ ಅದಕ್ಕೆ ಅಷ್ಟೇ ಪ್ರಮಾಣದ ನೀರು ಬೆರೆಸಿದ್ದಳು. ಯಾರಿಗೂ ಹೇಳಿರಲಿಲ್ಲ.

ಸಾಲಿನ ಮುಂದಿದ್ದ ಮುದುಕಿ ಪಾಸ್ಕಾಸಿ ಕ್ಯಾನು ಇಳಿಸಿದಳು. "ಏನೇ ಕನ್ಯೆರೆ, ದಿನಾ ನಿನ್ನ ನೀರು ಕುಡುದ್ರೆ ಆಸ್ಪತ್ರೆ ನೆಲ ನೆಕ್ಕಿದಂಗಿರ್ತಿತ್ತು. ನಿನ್ನೆ ಕೊಟ್ಟಿದ್ದು ಜೇನು ಕಣೇ! ಕೊನೆಗೂ ಕೈಗುಣ ಬಂತು ನೋಡು."

ಸಾಲು ನಕ್ಕಿತು. ಕನ್ಯೆರೆ ಮುದುಕಿಯ ಕ್ಯಾನಿನತ್ತ ಚಾಚಿದ್ದ ಸಿರಿಂಜನ್ನು ಹಿಂದೆಗೆದಳು.

"ಅವ್ವಾ, ಮನೇಲಿ ಎಲ್ಲಾ ಹುಷಾರಾ?"

"ನಾನು ಕಲ್ಲುಗುಂಡು. ಮೊಮ್ಮಗಳು ಮಾತ್ರ ಎದ್ದಾಗಿಂದ ಮೂರು ಸಲ ಹೊರಗೋದ್ಲು, ಗಂಜಿತಿಳಿ ಥರ. ಹೆದರ್ಕೆಗೆ ಬಿಡು. ಆ ಫಿರಂಗಿ ಸದ್ದಿಗೆ ನನಗೂ ಹಂಗೇ ಆಗುತ್ತೆ!"

ಗಂಜಿತಿಳಿ. ಕಿರಿಮಗಳಿಗೂ ಹಾಗೆಯೇ ಶುರುವಾಗಿತ್ತು.

"ಈಗ್ಲೇ ಅವಳನ್ನ ಡಾಕ್ಟ್ರ ಹತ್ರ ಎತ್ಕೊಂಡೋಗವ್ವಾ," ಎಂದಳು. "ಕ್ಲೋರಿನ್ ಮದ್ದಿಗೆ ನಾನೇ ನೀರು ಬೆರೆಸ್ದೆ. ಯಾರೂ ಕಾಯಿಸ್ದೆ ಕುಡೀಬೇಡಿ."

ನಗು ನಿಂತಿತು. "ಕಾಯ್ಸೋಕೆ ಇದ್ದಿಲೆಲ್ಲಿದೆ?" ಹಿಂದಿನಿಂದ ಯಾರೋ ಕೂಗಿದರು.

ಕ್ಲೋರಿನ್ ಡಬ್ಬಗಳಿದ್ದದ್ದು ಊರಾಚೆಯ ಉಗ್ರಾಣದಲ್ಲಿ. ನಡುವೆ ಬಂದೂಕಿನವರು ರಸ್ತೆಗೆ ಅಡ್ಡ ಕೂತಿದ್ದರು. ಬೈಕಿನವನು ಬಾರದ್ದೂ ಅದಕ್ಕೇ. ಕನ್ಯೆರೆ ಸಿರಿಂಜನ್ನು ಕಲ್ಲಿನ ಮೇಲಿಟ್ಟು, ಸೊಂಟದ ಬಟ್ಟೆ ಬಿಗಿದು ಕಟ್ಟಿದಳು.

"ಎಲ್ಲಿಗೇ?" ಪಾಸ್ಕಾಸಿ ಕೂಗಿದಳು. "ಆ ಕಡೆ ಹೋದ ಹೆಂಗಸ್ರ ಗತಿ ಗೊತ್ತಿಲ್ವಾ ಹುಚ್ಚೀ? ನಾಳೆ ಬೈಕು ಬರುತ್ತೆ. ನಿಲ್ಲೇ, ನಿನಗೂ ಏನಾದ್ರೂ ಆದ್ರೆ ನಾವು..."

ಮಾತು ಮುಗಿಯುವ ಮೊದಲೇ ಕನ್ಯೆರೆ ಉಗ್ರಾಣದ ದಾರಿ ಹಿಡಿದು ದಿಬ್ಬ ಹತ್ತತೊಡಗಿದ್ದಳು.