ಕೌದಿಯ ಹೊಟ್ಟೆ

ಮೊನ್ನೆ ಟ್ರಂಕಿನಿಂದ ಹಳೆಯ ಕೌದಿ ತೆಗೆದೆ. ಒಣಗಿದ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಡಿಯಿತು. ಒಂದು ಮೂಲೆಯ ಹೊಲಿಗೆ ಬಿಚ್ಚಿತ್ತು. ಆ ಹೊಲಿಗೆ ಹಾಕಿದವಳು ಸಿಂದಗಿಯಲ್ಲಿ ನಮ್ಮ ಮಗ್ಗುಲ ಮನೆಯ ಮುಸ್ಲಿಂ ಹೆಂಗಸು, ಚಿಕ್ಕಮ್ಮ ಎನ್ನುವಂತೆ ನಾನು ಖಾಲಾ ಎನ್ನುತ್ತಿದ್ದವಳು...

ಆಗ ಕನ್ನಡ ನಾಡು ಒಂದಾಗಿ ಒಂದೆರಡು ವರ್ಷವಾಗಿದ್ದೀತು. ಅವ್ವ ತೀರಿಹೋಗಿದ್ದಳು, ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ಅಪ್ಪ ಸಂತೆಯಿಂದ ಸಂತೆಗೆ ತಿರುಗಿ ಸೀರೆ, ಧೋತರ ಮಾರುತ್ತಿದ್ದ. ಆ ವರ್ಷ ಅವನ ಕಣ್ಣು ಹಳದಿಯಾದವು, ಹೊಟ್ಟೆ ಉಬ್ಬಿತು. ವಿಜಾಪುರದ ಡಾಕ್ಟರು ಲಿವರ್ ಪೂರ್ತಿ ಕೆಟ್ಟಿದೆ ಎಂದರು. ಉಪ್ಪು ಬಿಡಿಸಿ, ವಿಶ್ರಾಂತಿ ಕೊಡಿ, ಧೈರ್ಯಗೆಡದಂತೆ ನೋಡಿಕೊಳ್ಳಿ ಎಂದರು.

ಅಪ್ಪ ಜನ್ಮದಲ್ಲಿ ಸೆರೆ ಮುಟ್ಟಿದವನಲ್ಲ. ಆದರೂ ಊರು ಸುಮ್ಮನಿರುತ್ತದೆಯೇ? ಗುಟ್ಟಾಗಿ ಕುಡಿಯುತ್ತಿದ್ದನಂತೆ ಎಂದು ಆಡಿಕೊಂಡರು. ಆ ಮಾತು ಕಿವಿಗೆ ಬಿದ್ದ ದಿನದಿಂದ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ. ಸಪ್ಪೆ ಬೇಳೆ, ರೊಟ್ಟಿ ಇಟ್ಟರೆ ತಾಟು ಸರಿಸಿ, “ನನ್ನ ದಿನಾ ತುಂಬ್ಯಾವು, ಸುಮ್ನ ಬಿಡವಾ” ಎನ್ನುತ್ತಿದ್ದ.

ಬಿಡುವುದಿಲ್ಲ ಎಂದು ನಾನು ಹಟ ತೊಟ್ಟೆ. ಆದರೆ ನನ್ನ ಹಟಕ್ಕೆ ಬುದ್ಧಿ ಇರಲಿಲ್ಲ. ನೋಡಲು ಬಂದವರನ್ನೆಲ್ಲ ಬಾಗಿಲಿಂದಲೇ ಬೈದು ಕಳಿಸಿದೆ. ಕಂಡರೆ ಸಂಕಟಪಟ್ಟಾನೆಂದು ಅವನ ಮಾರುವ ಬಟ್ಟೆ ಗಂಟು, ಅಳೆಯುವ ಗಜಕಡ್ಡಿ ಅಟ್ಟಕ್ಕೆ ಹಾಕಿದೆ. ಕಿಟಕಿ ಮುಚ್ಚಿದೆ. ಅಪ್ಪ ಇನ್ನಷ್ಟು ಮುದುಡಿದ.

ಒಂದು ಮಧ್ಯಾಹ್ನ ಖಾಲಾ ಚಿಂದಿ ಗಂಟು ಹೊತ್ತು ಬಂದಳು. ಮನೆಮನೆಯ ಹಳೆ ಬಟ್ಟೆಯಿಂದ ಕೌದಿ ಹೊಲಿಯುವುದು ಅವಳ ಕಸುಬು. ನಾನು ಬಾಗಿಲಲ್ಲಿ ಅಡ್ಡ ನಿಂತೆ.

“ಏನವಾ, ನಿಮ್ಮಪ್ಪ ಇನ್ನೂ ಅದಾನೋ, ಇಲ್ಲಾ ನೀನs ಮಣ್ಣ ಕೊಟ್ಟಿಯೋ?” ಎಂದಳು.

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅವಳು ನನ್ನನ್ನು ಸರಿಸಿ ಒಳಗೆ ಹೋಗಿ, ಕಿಟಕಿ ತೆರೆದು, ಹಾಸಿಗೆಯ ಪಕ್ಕದಲ್ಲೇ ಚಿಂದಿ ಹರಡಿದಳು.

“ಸಾಹುಕಾರ್ರ, ಈ ಗುಳೇದಗುಡ್ಡ ಖಣ ಯಾರ ಮನೀದು ಹೇಳ್ರಿ ನೋಡೂಣು.”

ಅಪ್ಪ ತಿರುಗಲಿಲ್ಲ. ಅವಳು ಮತ್ತೆ ಖಣ, ಖಣ ಎಂದಳು. ಕೊನೆಗೆ ಅಪ್ಪ ತಿರುಗಿ ನೋಡಿ ಸಿಟ್ಟಿನಿಂದ ಮೊಣಕೈ ಊರಿ ಎದ್ದ. “ಖಣ ಎಲ್ಲೈತಿ? ಅದು ಇಳಕಲ್ ಸೀರಿ ಸೆರಗು. ಕನ್ನೊಳ್ಳಿ ಸಾಲಿ ಮಾಸ್ತರು ಬಸರಿ ಮಗಳ ಕುಬಸಕ್ಕ ಒಯ್ದಿದ್ರು!”

ಎಷ್ಟೋ ದಿನಗಳ ಮೇಲೆ ಅವನ ದನಿ ಏರಿತ್ತು. ಮೂವತ್ತು ವರ್ಷ ಕೌದಿ ಹೊಲಿದವಳಿಗೆ ರವಿಕೆಯ ಖಣ ಯಾವುದು, ಸೀರೆಯ ಸೆರಗು ಯಾವುದು ಗೊತ್ತಿರಲಿಲ್ಲವೇ? ನನಗದು ಹೊಳೆದದ್ದು ಬಹಳ ತಡವಾಗಿ.

ಮರುದಿನ ನಾನೇ ಬಾಗಿಲು ತೆರೆದಿಟ್ಟೆ, ಗಜಕಡ್ಡಿ ಕೆಳಗಿಳಿಸಿದೆ. ಜನ ತಮ್ಮ ಮನೆಯ ಬಟ್ಟೆ ಚೂರು ತಂದು, ಇದು ಯಾವುದು ಹೇಳು ನೋಡೋಣ ಎಂದು ಕೂತರು. ಆಡಿಕೊಂಡವರೂ ಬಂದರು. ಸಿಟ್ಟು ನುಂಗಿ ಅವರಿಗೂ ಚಹಾ ಕೊಟ್ಟೆ. ಅಪ್ಪ ಬಣ್ಣ ಆರಿಸುತ್ತಿದ್ದ, ಖಾಲಾ ಹೊಲಿಯುತ್ತಿದ್ದಳು. ಊಟ ಮಾತ್ರ ಇನ್ನೂ ಎರಡು ತುತ್ತು ದಾಟಿರಲಿಲ್ಲ.

ಕೌದಿ ಮುಗಿಯುವಾಗ ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟು ಹೊಲಿಯುವುದು ನಮ್ಮ ಕಡೆಯ ರೂಢಿ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಆ ದಿನ ಖಾಲಾ ಆ ಮೂಲೆ ಹೊಲಿಯದೆ ಸೂಜಿ ಹಿಡಿದು ಕೂತೇಬಿಟ್ಟಳು.

“ನೀವು ಉಂಡ ತಾಟಿನಾಗಿನ ತುತ್ತs ಬೇಕ್ರಿ. ನೀವು ಉಪಾಸ ಇದ್ರ ನನ್ನ ಕೌದಿನೂ ಉಪಾಸ.”

ತನಗೂ ಅದೇ ಸಪ್ಪೆ ಬೇಳೆ ಬಡಿಸಿಕೊಂಡಳು. ಅಪ್ಪ ಅವಳನ್ನೇ ನೋಡುತ್ತ ಒಂದೂವರೆ ರೊಟ್ಟಿ ಉಂಡ. ಉಳಿದ ಅರ್ಧದಲ್ಲಿ ಚೂರು ಮುರಿದು ತಾನೇ ಕೌದಿಯೊಳಗಿಟ್ಟ. ನಾನು ಒಲೆಯ ಮುಂದೆ ಕೂತು ಅತ್ತೆ.

ರೋಗ ಬಿಡಲಿಲ್ಲ. ಯುಗಾದಿಗೆ ಅಪ್ಪ ಹೋದ. ಆದರೆ ಕೊನೆಯವರೆಗೆ ಮತ್ತೆ ಗೋಡೆಗೆ ಮುಖ ಮಾಡಲಿಲ್ಲ. ಆಮೇಲೆ ನಾನು ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದೆ. ಖಾಲಾ ತೀರಿದ ಸುದ್ದಿ ನನಗೆ ಮುಟ್ಟಿದಾಗ ನಲವತ್ತನೆಯ ದಿನದ ಕಾರ್ಯವೂ ಕಳೆದಿತ್ತು... ಆ ನೋವು ಇನ್ನೂ ಇದೆ.

ಬಿಚ್ಚಿದ ಮೂಲೆಯಲ್ಲಿ ಬೆರಳಾಡಿಸಿದೆ. ಚಿಟಿಕೆ ಹುಡಿ ಬಿಟ್ಟರೆ ಏನೂ ಇರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ನನಗೂ ಊಟ ಸೇರುತ್ತಿರಲಿಲ್ಲ. ಸೊಸೆ ಇಟ್ಟುಹೋದ ತಾಟು ಹಾಗೇ ಇತ್ತು. ಅದನ್ನು ಎಳೆದುಕೊಂಡು ಒಂದು ರೊಟ್ಟಿ ಪೂರ್ತಿ ಉಂಡೆ. ಆಮೇಲೆ ಇನ್ನೊಂದರಲ್ಲಿ ಚೂರು ಮುರಿದು ಕೌದಿಯೊಳಗಿಟ್ಟು, ಸೂಜಿಗೆ ದಾರ ಪೋಣಿಸಿದೆ.