ಬೀದಿ ಬಂತು

ಮೆಕ್ಸಿಕೊ ಗಡಿಯ ನಮ್ಮ ನೊಗಾಲೆಸ್‌ನಲ್ಲಿ ಮಳೆ ಜೋರಾದರೆ ಜನ "ಬೀದಿ ಬಂತು, ಬೀದಿ ಬಂತು" ಎಂದು ಕೂಗುತ್ತಾರೆ. ಮೆಸ್ಕಿತೆ ಬೀದಿ ಹಿಂದೆ ಹಳ್ಳವಾಗಿತ್ತು. ಕಾಂಕ್ರೀಟು ಸುರಿದು ಬೀದಿ ಎಂದು ಹೆಸರಿಟ್ಟೆವು. ಹೆಸರು ಬದಲಾದರೆ ನೀರಿಗೇನಂತೆ? ಜುಲೈ ಬಂತೆಂದರೆ ಅದು ಹಳೇ ದಾರಿ ಹಿಡಿದು, ಗಡಿಗೋಡೆಯ ಅಡಿಯಲ್ಲಿ ನುಗ್ಗಿ, ಅಮೆರಿಕದ ಕಡೆಯ ನೊಗಾಲೆಸ್‌ಗೆ ಇಳಿಯುತ್ತದೆ.

ನಗರಸಭೆಯಲ್ಲಿ ನನ್ನ ಪಕ್ಕದ ಮೇಜಿನ ಉಬಾಲ್ದೊ ಊರಿನ ನಕ್ಷೆ ಮಾಡುವವನು. ಅವನ ಅಕ್ಕ ಎರ್ಮೆಲಿಂದಾ ಗೋಡೆಯಾಚೆಯ ತಗ್ಗಿನಲ್ಲಿ ಗಂಡನ ಜೊತೆ ಇದ್ದಳು. ಮೋಡ ಕಂಡರೆ ಸಾಕು, ಇವನು ಫೋನೆತ್ತುತ್ತಿದ್ದ.

"ಅಕ್ಕಾ, ಬೀದಿ ಬರ್ತಿದೆ, ಮೇಲಕ್ಕೆ ಹೋಗು."

"ಬರ್ಲಿ ಬಿಡೋ, ತಮಾಲೆ ಕಡುಬು ಬೇಯ್ತಿದೆ, ಅದಕ್ಕೂ ಎರಡು ಕೊಟ್ಟು ಕಳಿಸ್ತೀನಿ."

ಬೈಯುತ್ತಲೇ ಗುಡ್ಡ ಹತ್ತುತ್ತಿದ್ದಳು.

ಆಮೇಲೆ ಎರಡೂ ಊರಿನವರು ಕೂಡಿ ಯೋಜನೆ ಮಾಡೋಣವೆಂದು ನಕ್ಷೆ ಹಂಚಿಕೊಂಡರು. ಅದುವರೆಗೆ ಆಚೆಯವರ ನಕ್ಷೆಯಲ್ಲಿ ಗೋಡೆಯ ಈಚೆ ಬರೀ ಬಿಳಿ. ನಾವಿಲ್ಲಿ ಬದುಕಿಯೇ ಇರಲಿಲ್ಲವೇನೋ. ಉಬಾಲ್ದೊ ವರ್ಷವಿಡೀ ಕೂತು ನಮ್ಮ ಬೀದಿ, ಹಳ್ಳ, ಗುಡ್ಡಗಳನ್ನೆಲ್ಲ ಕಳಿಸಿದ. ಇನ್ನು ಯಾವ ಹಳ್ಳದಿಂದ ಎಷ್ಟು ನೀರು ಬರುತ್ತದೆಂದು ಆಚೆಯ ಕಂಪ್ಯೂಟರೇ ನೋಡಿಕೊಂಡು ಸೈರನ್ ಕೂಗಿಸುತ್ತದೆ ಎಂದರು.

"ಇನ್ಮೇಲಾದ್ರೂ ನಿನ್ನ ಕಾಗೆ ಕೂಗು ನಿಲ್ಸೋ ಮಾರಾಯ" ಎಂದಳು ಅಕ್ಕ. ಇವನೂ ನಕ್ಕು ಒಪ್ಪಿದ.

ಆ ಜುಲೈನ ಮಳೆಗೆ ಅವನು ಫೋನು ಮುಟ್ಟಲಿಲ್ಲ. ಸೈರನ್ನೂ ಕೂಗಲಿಲ್ಲ. ಮೆಸ್ಕಿತೆ ಬೀದಿಯನ್ನು ಅವನು ಬೀದಿ ಎಂದೇ ಕಳಿಸಿದ್ದ. ನಾವೆಲ್ಲ ಹುಟ್ಟಿದಾಗಿನಿಂದ ಹಾಗೇ ಕರೆಯುವುದು. ಕಂಪ್ಯೂಟರ್ ಅದನ್ನು ರಸ್ತೆಗಳ ಸಾಲಿಗೆ ಸೇರಿಸಿಕೊಂಡಿತು. ನಮ್ಮೂರಲ್ಲಿ ರಸ್ತೆಯೂ ಹರಿಯುತ್ತದೆಂದು ಅದಕ್ಕೆ ಯಾರು ಹೇಳಬೇಕಿತ್ತು? ನೀರು ನುಗ್ಗಿದಾಗ ಅಡುಗೆಮನೆಯಲ್ಲಿದ್ದ ಎರ್ಮೆಲಿಂದಾಗೆ ಹೊರಗೆ ಬರಲಾಗಲಿಲ್ಲ. ಗಂಡ ರೆಮಿಹಿಯೊ ಕೆಲಸಕ್ಕೆ ಹೋಗಿದ್ದರಿಂದ ಉಳಿದ.

ನಾನು ಯಾರನ್ನು ಬೈಯಲಿ? ಊರ ಬಾಯಲ್ಲಿದ್ದುದನ್ನೇ ಉಬಾಲ್ದೊ ಬರೆದಿದ್ದ. ಅಕ್ಕನನ್ನು ಮಣ್ಣು ಮಾಡಿದ ಮರುದಿನವೇ ಬಂದು ಕೂತು, ಆ ಬೀದಿಗೆ ಹಳ್ಳದ ನೀಲಿ ಬಣ್ಣ ಹಾಕಿ ಮತ್ತೆ ಕಳಿಸಿದ. ಈಗ ಸೈರನ್ ತಪ್ಪದೆ ಕೂಗುತ್ತದೆ.

ಆದರೂ ಮೋಡ ಕವಿದರೆ ಅವನು ಫೋನೆತ್ತುತ್ತಾನೆ.

"ಭಾವ, ಬೀದಿ ಬರ್ತಿದೆ."

"ಹ್ಞೂಂ ಕಣಪ್ಪಾ, ಹತ್ತಿದೆ, ಮೇಲಿದೀನಿ" ಅನ್ನುತ್ತಾನೆ ರೆಮಿಹಿಯೊ.

ಅವನ ಮನೆ ಈಗ ಗುಡ್ಡದ ತುದಿಯಲ್ಲಿದೆ. ಅಲ್ಲಿಗೆ ಯಾವ ಬೀದಿಯೂ ಬರುವುದಿಲ್ಲ.