ಅತ್ತಿಗೆ, ಏನಂದ ಅವನು?

ಸರ್ಜನ್ ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿಯನ್ನು ಮೇಜಿನ ಆಚೆಯಿಂದ ಹೇಳದೆ, ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು. ನನ್ನ ನಾದಿನಿಯ ಗಂಟಲಿನ ಗಡ್ಡೆ ಧ್ವನಿಪೆಟ್ಟಿಗೆಯನ್ನೇ ಹಿಡಿದಿತ್ತು. ಅದನ್ನು ಪೂರ್ತಿ ತೆಗೆಯದೆ ಬೇರೆ ದಾರಿಯಿರಲಿಲ್ಲ. ಆಮೇಲೆ ಉಸಿರಾಟವೆಲ್ಲ ಕುತ್ತಿಗೆಯಲ್ಲಿ ಮಾಡುವ ರಂಧ್ರದಿಂದ. ಮಾತಿಗೆ ಗಂಟಲಿಗೆ ಒತ್ತಿ ಹಿಡಿಯುವ ಒಂದು ಮೆಷಿನ್ ಇದೆ, ನಿಧಾನವಾಗಿ ಕಲಿಸಿಕೊಡುತ್ತಾರೆ.

ನಾದಿನಿ ಎಲ್ಲವನ್ನೂ ಕೇಳಿಸಿಕೊಂಡಳು. ಆಗಲೇ ಒಡೆದುಹೋಗಿದ್ದ ದನಿಯಲ್ಲಿ, "ಡಾಕ್ಟ್ರೇ, ನಗು?" ಅಂದಳು.

ಅವರಿಗೆ ಅರ್ಥವಾಗಲಿಲ್ಲ.

"ಮಾತಿಗೆ ಮೆಷಿನ್ ಅಂದ್ರಿ. ನಗೋದಕ್ಕೆ?"

ಸರ್ಜನ್ ಕನ್ನಡಕ ತೆಗೆದು ಒರೆಸಿಕೊಂಡರು. "ನಗಬಹುದಮ್ಮ. ಸದ್ದು ಬರೋಲ್ಲ." ಕನ್ನಡಕ ಮತ್ತೆ ಹಾಕಿಕೊಂಡು, "ಅಡ್ಮಿಟ್ ಆಗೋವರೆಗೂ ಎಷ್ಟು ಬೇಕೋ ಅಷ್ಟು ಮಾತಾಡಿ, ನಗಿ. ನಾನು ಬೇಡ ಅನ್ನಲ್ಲ," ಅಂದರು.

ಲಕ್ಷ್ಮೀಪುರಂನ ನಮ್ಮ ಮನೆಗೆ ವಾಪಸು ಬರುವಾಗ ಆಟೋದಲ್ಲಿ ಅವಳೇ ತೀರ್ಮಾನ ಹೇಳಿದಳು. "ಅತ್ತಿಗೆ, ಸಿನಿಮಾಕ್ಕೆ ಹೋಗೋಣ. ಜನ ಇರೋ ಕಡೆ ಕೂತು ಒಂದ್ಸಲ ಜೋರಾಗಿ ನಕ್ಕು ಬಂದ್ಬುಡ್ತೀನಿ. ಆಮೇಲೆ ಏನು ಬೇಕಾದ್ರೂ ಕತ್ತರಿಸಿಕೊಳ್ಳಲಿ."

ಅವಳ ನಗುವನ್ನು ಕೇಳದವರಿಗೆ ಅದನ್ನು ವಿವರಿಸುವುದು ಕಷ್ಟ. ಮೊದಲು ಒಂದು ಚಿಕ್ಕ ಮೌನ. ಏನೂ ಆಗಲಿಲ್ಲವೇನೋ ಅಂದುಕೊಳ್ಳುವಷ್ಟರಲ್ಲಿ, ಹಿತ್ತಾಳೆಯ ಕೊಳಗ ಮಹಡಿ ಮೆಟ್ಟಿಲಿನಿಂದ ಉರುಳಿದ ಹಾಗೆ ಸದ್ದು. ನನ್ನ ಯಜಮಾನರು ಇದ್ದಾಗ, "ಇವಳನ್ನ ಅರಮನೆ ಬ್ಯಾಂಡಿಗೆ ಸೇರಿಸಬೇಕಿತ್ತು," ಅಂತ ತಂಗಿಯನ್ನು ಕಾಡುತ್ತಿದ್ದರು. ನನ್ನನ್ನು ಬೆಳೆಸಿದ್ದು ಕಾನ್ವೆಂಟಿನ ಸಿಸ್ಟರ್‌ಗಳು. ಯಂಗ್ ಲೇಡೀಸ್ ನಗುವಾಗ ಹಲ್ಲು ಕಾಣಬಾರದು, ಬಾಯಿಗೆ ಕರ್ಚೀಫು ಅಡ್ಡ ಇರಬೇಕು ಎಂದು ಕಲಿತುಬಂದವಳು ನಾನು. ಆ ಕೊಳಗ ಉರುಳಿದಾಗಲೆಲ್ಲ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದೆ.

ಆದರೆ ಸಿನಿಮಾ ಅನ್ನುವುದು ನಮ್ಮ ಮನೆಯಲ್ಲಿ ಬರೀ ಸಿನಿಮಾ ಆಗಿರಲಿಲ್ಲ. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ನಾನು ಸೊಸೆಯಾಗಿ ಬಂದ ಮನೆ ಅರಮನೆಯ ಕಚೇರಿಯಲ್ಲಿ ಕೆಲಸ ಮಾಡಿದವರ ಮನೆ. ಮಡಿ, ಪೂಜೆ, ನಾಲ್ಕು ಥರದ ಹುಳಿ. ಇಂಗ್ಲಿಷ್ ಭಾಷಣಕ್ಕೆ ನಾನು ಗೆದ್ದ ಎಲೊಕ್ಯೂಷನ್ ಪ್ರೈಜ಼ುಗಳಿಂದ ಅಲ್ಲಿ ಒಂದು ಲೋಟ ಸಾರೂ ಕುದಿಯುವಂತಿರಲಿಲ್ಲ. ಆದರೆ ನಮ್ಮ ಅತ್ತೆಯವರಿಗೆ ಒಂದು ಹುಚ್ಚಿತ್ತು: ಇಂಗ್ಲಿಷ್ ಸಿನಿಮಾ. ಒಂದು ಅಕ್ಷರ ಇಂಗ್ಲಿಷ್ ಬಾರದಿದ್ದರೂ ಕುದುರೆ, ಗೌನು, ಹಿಮ, ರೈಲು ಎಲ್ಲವನ್ನೂ ಕಣ್ತುಂಬ ನೋಡಿಕೊಂಡು ಬರುತ್ತಿದ್ದರು. ನಾನು ಬಂದ ಮೇಲೆ ಅವರಿಗೆ ಕಥೆಯೂ ಸಿಕ್ಕಿತು. ಬಾಲ್ಕನಿಯಲ್ಲಿ ನಡುವಿನ ಸೀಟು ನನ್ನದಾಯಿತು. ಎಡಕ್ಕೆ ಅತ್ತೆ, ಬಲಕ್ಕೆ ಇನ್ನೂ ಲಂಗ ದಾವಣಿಯ ನಾದಿನಿ. ಪರದೆಯ ಮೇಲೆ ಯಾರಾದರೂ ಮಾತಾಡಿದರೆ ಸಾಕು, ಅತ್ತೆ ಎರಡು ಬೆರಳಿನಿಂದ ನನ್ನ ಮಣಿಕಟ್ಟನ್ನು ತಟ್ಟುತ್ತಿದ್ದರು. ಹಾಗೆಂದರೆ, "ಏನಂದ ಅವನು?" ನಾನು ಪಿಸುದನಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಸ್ವಂತ ಜಾಗ ಆ ಸೀಟು.

ತೊಂದರೆ ಬರುತ್ತಿದ್ದದ್ದು ಮುತ್ತು ಕೊಡುವ ಜಾಗದಲ್ಲಿ. ಹೊಸ ಸೊಸೆ ಏನು ಹೇಳಬೇಕು? ಮೊದಲನೆಯ ಸಲ ತೋಚದೆ, "ಮದುವೆ ನಿಶ್ಚಯ ಆಯ್ತಮ್ಮ," ಅಂದುಬಿಟ್ಟೆ. ಅತ್ತೆ ಸಮಾಧಾನದಿಂದ ತಲೆದೂಗಿದರು. ಅದೇ ಪದ್ಧತಿಯಾಯಿತು. ಒಂದು ಪತ್ತೇದಾರಿ ಸಿನಿಮಾದಲ್ಲಿ ನಾಯಕ ಹೋದಲ್ಲೆಲ್ಲ ಒಬ್ಬೊಬ್ಬಳನ್ನು ಮುದ್ದಿಸುತ್ತಿದ್ದ. ನಾನು ನಿಶ್ಚಯ ಮಾಡಿಸುತ್ತಾ, ಮುರಿಸುತ್ತಾ ಹೋದೆ. ಕೊನೆಗೆ ಅತ್ತೆ ನಿಟ್ಟುಸಿರಿಟ್ಟು, "ಪಾಪ ಕಣೇ, ಆ ಹುಡುಗನ್ಗೆ ಒಂದೂ ಕೂಡಿಬರ್ಲಿಲ್ಲ. ಜಾತಕದಲ್ಲೇ ಏನೋ ದೋಷ ಇರ್ಬೇಕು," ಅಂದರು. ಬಲಗಡೆಯಿಂದ ಮೊದಲು ಚಿಕ್ಕ ಮೌನ, ಆಮೇಲೆ ಹಿತ್ತಾಳೆ ಕೊಳಗ. ಇಡೀ ಬಾಲ್ಕನಿ ನಮ್ಮ ಕಡೆ ತಿರುಗಿತು.

ನಾದಿನಿ ಮದುವೆಯಾಗಲಿಲ್ಲ. ಸರ್ಕಾರಿ ಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ರಿಟೈರ್ ಆದಳು. ಇಂಗ್ಲಿಷ್ ಪೇಪರನ್ನು ನನಗಿಂತ ಮೊದಲೇ ಓದಿ ಮುಗಿಸುತ್ತಾಳೆ. ಆದರೂ ಅತ್ತೆ ಹೋದ ಮೇಲೆ ಆ ಎರಡು ಬೆರಳಿನ ಅಭ್ಯಾಸವನ್ನು ಅವಳೇ ಎತ್ತಿಕೊಂಡಳು. "ಅರ್ಥ ಆಗತ್ತೆ ಅತ್ತಿಗೆ. ನಿಮ್ಮ ಬಾಯಲ್ಲಿ ಕೇಳಿದ್ರೆ ಕಥೆ ಇನ್ನೂ ಚೆನ್ನಾಗಿರತ್ತೆ," ಅನ್ನುವಳು. ಒಮ್ಮೊಮ್ಮೆ ಚುಚ್ಚುವಳು ಕೂಡ: "ಊರಿನವರಿಗೆಲ್ಲ ಮದುವೆ ನಿಶ್ಚಯ ಮಾಡ್ಸಿದ್ರಿ. ಮನೇಲಿದ್ದ ನಂಗೊಂದು ಮಾಡ್ಸಲಿಲ್ಲ ನೋಡಿ."

ಅಡ್ಮಿಟ್ ಆಗುವ ಹಿಂದಿನ ದಿನ ಮಧ್ಯಾಹ್ನ ಹೊರಟೆವು. ಸಿನಿಮಾವನ್ನು ನಾನೇ ಆರಿಸಿದ್ದೆ. ಹಳೆಯ ಕಾಲದ ದೊಡ್ಡ ಮನೆ, ಟೀ ಪಾರ್ಟಿ, ನಾಜೂಕಾದ ಚುಚ್ಚುಮಾತು, ಅಂಥ ಡ್ರಾಯಿಂಗ್ ರೂಮ್ ಕಾಮಿಡಿ. ನಗುವುದಾದರೂ ಸ್ವಲ್ಪ ಡಿಗ್ನಿಟಿ ಇರಲಿ ಎಂದು. ನಾವು ಹೋಗುತ್ತಿದ್ದ ಟಾಕೀಸು ಈಗಿಲ್ಲ, ಮಾಲ್‌ಗೇ ಹೋಗಬೇಕು. ಕೌಂಟರಿನಲ್ಲಿದ್ದವನು ಕಂಪ್ಯೂಟರ್ ನೋಡಿ, "ಮೇಡಂ, ಅದಕ್ಕೆ ಜನಾನೇ ಇಲ್ಲ, ಶೋ ಕ್ಯಾನ್ಸಲ್. ಈ ಟೈಮಿಗೆ ಇಂಗ್ಲಿಷಲ್ಲಿ ಇದೊಂದೇ ಇರೋದು," ಎಂದು ಹಿಂದಿನ ಪೋಸ್ಟರ್ ತೋರಿಸಿದ.

ಪೋಸ್ಟರಿನಲ್ಲಿ ಹಳದಿ ಬಿಗಿಬಟ್ಟೆ ತೊಟ್ಟ, ಹೊಟ್ಟೆ ಸ್ವಲ್ಪ ಮುಂದೆ ಬಂದಿದ್ದ ಒಬ್ಬ ಸೂಪರ್ ಹೀರೋ ಆಕಾಶದಲ್ಲಿ ತಲೆಕೆಳಗಾಗಿ ತೇಲುತ್ತಿದ್ದ. ಪೇಪರಿನವರು ಅದನ್ನು ಒಂದೇ ಸಾಲಿನಲ್ಲಿ ಹೀಗಳೆದು ಮುಗಿಸಿದ್ದರು. ಬರುವಾಗ ಆಟೋದವನೂ ಕೇಳಿದ್ದ, "ಆ ಅಳದಿ ಬಟ್ಟೆಯವನ ಪಿಚ್ಚರ್‌ಗಾ ಅಜ್ಜಿ? ವಾರಕ್ಕೇ ಎತ್ತಾಕ್ತಾರೆ ಬುಡಿ!" ನಾನಂತೂ ಇಂಥ ಸಿನಿಮಾ ಎಂದರೆ ಮುಖ ತಿರುಗಿಸುವವಳು. "ಬೇಡ ಕಣೆ, ಇನ್ನೊಂದು ದಿನ ಬರೋಣ," ಅಂದೆ.

"ಇನ್ನೊಂದು ದಿನ ಎಲ್ಲಿದೆ ಅತ್ತಿಗೆ?" ಅಂದಳು. ಟಿಕೆಟ್ ತೆಗೆದುಕೊಂಡೆವು.

ಹಾಲ್‌ನಲ್ಲಿ ಅರ್ಧದಷ್ಟು ಜನ, ಹೆಚ್ಚಿನವರು ಕಾಲೇಜು ಹುಡುಗರು. ಕಥೆ ಇಷ್ಟು. ಆ ಹೀರೋಗೆ ಹಾರುವುದು ಬರುವುದಿಲ್ಲ, ತೇಲುವುದು ಬರುತ್ತದೆ. ಹೆದರಿದರೂ ತೇಲುತ್ತಾನೆ, ಖುಷಿಯಾದರೂ ತೇಲುತ್ತಾನೆ, ಇಳಿಯುವುದು ಮಾತ್ರ ಗೊತ್ತಿಲ್ಲ. ಅವನನ್ನು ಸಾಕಿದ ಮುದುಕಿ ಸೋದರತ್ತೆ, ದಿನಾ ಬೆಳಗ್ಗೆ ಅವನ ಜೇಬುಗಳಿಗೆ ತಕ್ಕಡಿಗೆ ಹಾಕುವ ಕಬ್ಬಿಣದ ತೂಕದ ಬೊಟ್ಟುಗಳನ್ನು ತುಂಬಿ ಆಫೀಸಿಗೆ ಕಳಿಸುತ್ತಾಳೆ. ಊರಿನ ಮೋಡಗಳನ್ನು ಕದ್ದು ಬಾಟಲಿಯಲ್ಲಿ ಮಾರುವ ಒಬ್ಬ ವಿಲನ್. ಹುಚ್ಚು ಕಥೆಯೇ. ಆದರೆ ಅರ್ಧ ಗಂಟೆಯೊಳಗೆ ನಾನು ಮುಖ ತಿರುಗಿಸುವುದನ್ನು ಮರೆತಿದ್ದೆ. ಏಕೆಂದರೆ ಆ ಸಿನಿಮಾ ತನ್ನ ಹೀರೋನನ್ನು ನೋಡಿ ನಗುತ್ತಿರಲಿಲ್ಲ, ಅವನ ಜೊತೆಗೆ ನಗುತ್ತಿತ್ತು. ಮುದುಕಿ ಬಾಗಿಲಲ್ಲಿ ನಿಂತು ಅವನ ಜೇಬು ಮುಟ್ಟಿ ನೋಡುವ ರೀತಿಯಲ್ಲಿ ನನ್ನ ಅತ್ತೆ ಕಂಡರು. ಮಗ ಕಚೇರಿಗೆ ಹೊರಡುವಾಗ ಅವರೂ ಹಾಗೇ ಅಂಗಿ ಮುಟ್ಟಿ ನೋಡುತ್ತಿದ್ದರು.

ಹುಡುಗರು ಸೀಟು ಬಡಿದು ನಗುತ್ತಿದ್ದರು. ನಾದಿನಿ ನಗಲಿಲ್ಲ. ಎರಡು ಬೆರಳು ತಟ್ಟುತ್ತಿದ್ದಳು, ನಾನು ಹೇಳುತ್ತಿದ್ದೆ. ಪ್ರತಿಯೊಂದು ಜೋಕನ್ನೂ ದೇವರಿಗೆ ಹರಕೆ ಹೊತ್ತವಳ ಹಾಗೆ ಕನ್ನಡ ಮಾಡಿದೆ. ಅವಳು ತಲೆದೂಗುತ್ತಿದ್ದಳು, ಕೆಮ್ಮುತ್ತಿದ್ದಳು, ಅಷ್ಟೆ.

ಇಂಟರ್ವಲ್‌ನಲ್ಲಿ ಟೀ ತಂದುಕೊಟ್ಟೆ. ಕುಡಿಯಲಾಗದೆ ಕಪ್ಪಿನ ಬಿಸಿಯನ್ನು ಅಂಗೈಯಲ್ಲಿ ಹಿಡಿದು ಕೂತಳು.

"ಚೆನ್ನಾಗಿಲ್ವೇನೇ?"

"ತುಂಬಾ ಚೆನ್ನಾಗಿದೆ. ನಾನೂ ಅಂದ್ಕೊಂಡಿರ್ಲಿಲ್ಲ." ಗಂಟಲು ಸರಿಮಾಡಿಕೊಂಡಳು. "ಆದರೆ ಬರ್ತಾ ಇಲ್ಲ ಅತ್ತಿಗೆ. ನಗುನೂ ನಿದ್ದೆ ಇದ್ದ ಹಾಗೆ. ಬರ್ಲಿ ಅಂತ ಕಾದು ಕೂತ್ರೆ ಬರೋದೇ ಇಲ್ಲ."

ಬೆಳಗಾದರೆ ಆಸ್ಪತ್ರೆ. ಇರುವುದು ಉಳಿದರ್ಧ ಸಿನಿಮಾ. ಪರದೆಯ ಮೇಲೆ ಹೀರೋ ಏನು ಮಾಡಿದರೂ ನಗದ ಅವಳು, ಆ ಕೊನೆಯ ನಗುವೂ ಇಲ್ಲದೆ ಮೌನವಾಗಿಬಿಟ್ಟರೆ?

ಕೊನೆಯ ಭಾಗದಲ್ಲಿ ವಿಲನ್ನಿನ ಯಂತ್ರ ಮಕ್ಕಳು ತುಂಬಿದ ಸ್ಕೂಲ್ ಬಸ್ಸನ್ನು ಎತ್ತಿಕೊಂಡು ಮೋಡದೊಳಗೆ ಹೋಗುತ್ತದೆ. ಹೀರೋ ಅದರ ಹಿಂದೆ ತೇಲಬೇಕು. ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಮುದುಕಿಯ ಕೈಯಲ್ಲಿ. ಜೇಬಿನ ಬೊಟ್ಟುಗಳನ್ನೆಲ್ಲ ಬಿಸಾಕಿದ್ದಾನೆ. ಹಗ್ಗ ಸಾಲುವುದಿಲ್ಲ. ಅವಳು ಬಿಟ್ಟರೆ ಅವನು ತಿರುಗಿ ಇಳಿದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹಾಲ್‌ನಲ್ಲಿ ಪಿಟಕ್ಕೆನ್ನುವ ಸದ್ದಿಲ್ಲ. ಇಷ್ಟು ದಿನ ನಿನ್ನನ್ನು ನೆಲದ ಮೇಲೆ ಹಿಡಿದಿಟ್ಟದ್ದು ಕಬ್ಬಿಣವಲ್ಲ, ನನ್ನ ಹೆದರಿಕೆ, ಹೋಗು ಎಂದು ಮುದುಕಿ ಇಂಗ್ಲಿಷಿನಲ್ಲಿ ಹೇಳಿ ಹಗ್ಗ ಬಿಟ್ಟಳು.

ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳು ತಟ್ಟಿದವು. ಏನಂದಳು?

ಹರಿದು ಬರುವ ಕಣ್ಣೀರನ್ನು ಕರ್ಚೀಫಿನಲ್ಲಿ ತಡೆಯುತ್ತಾ ಕೂತೆ. ಅವಳು ಮತ್ತೆ ತಟ್ಟಿದಳು. ಆಮೇಲೆ ನನ್ನ ಕಡೆ ವಾಲಿ, ನಾನು ಅತ್ತೆಗೆ ಹೇಳುತ್ತಿದ್ದ ಅದೇ ಪಿಸುದನಿಯಲ್ಲಿ, ಕರಕರ ಗಂಟಲಲ್ಲಿ, ಹೇಳಿದಳು:

"ಏನಿಲ್ಲ ಅತ್ತಿಗೆ. ಮುದುಕಿಗೆ ಮದುವೆ ನಿಶ್ಚಯ ಆಯ್ತಂತೆ."

ನಾನು ಮೊದಲು ನಕ್ಕೆ. ಹಲ್ಲು ಕಂಡಿತು, ಕರ್ಚೀಫು ಎಲ್ಲೋ ಬಿತ್ತು. ನನ್ನನ್ನು ನೋಡಿ ಅವಳದ್ದೊಂದು ಚಿಕ್ಕ ಮೌನ. ಆಮೇಲೆ ಉರುಳಿತು ಕೊಳಗ. ತುಕ್ಕು ಹಿಡಿದಿತ್ತು, ನಡುನಡುವೆ ಒಡೆದಿತ್ತು, ಆದರೆ ಅದೇ ಕೊಳಗ, ಅದೇ ಮಹಡಿ ಮೆಟ್ಟಿಲು. ಆ ನಿಶ್ಶಬ್ದದಲ್ಲಿ ಅದು ಗೋಡೆಗೆ ತಾಗಿ ವಾಪಸು ಬಂತು.

ಮುಂದಿನ ಸಾಲಿನ ಹುಡುಗನೊಬ್ಬ ಕಣ್ಣೊರೆಸಿಕೊಳ್ಳುತ್ತಾ ತಿರುಗಿ, "ಅಜ್ಜೀ, ಸೆಂಟಿಮೆಂಟ್ ಸೀನ್ ಕಣಜ್ಜಿ ಇದು!" ಎಂದು ಗದರಿದ. ಅದಕ್ಕೆ ಅವಳು ಇನ್ನೂ ನಕ್ಕಳು. ಹೀರೋ ಬಸ್ಸನ್ನು ಹೇಗೆ ಇಳಿಸಿದ, ತಾನು ಹೇಗೆ ಇಳಿದ, ನಾವಿಬ್ಬರೂ ಸರಿಯಾಗಿ ನೋಡಲಿಲ್ಲ. ದೀಪ ಹತ್ತಿದಾಗ ಮುದುಕಿಯ ಜೊತೆ ಅವನು ಕಾಫಿ ಕುಡಿಯುತ್ತಿದ್ದದ್ದಷ್ಟೇ ನೆನಪು.

ಆಪರೇಷನ್ ಆಯಿತು. ನನ್ನ ನಾದಿನಿ ಕುತ್ತಿಗೆಯಲ್ಲಿ ನಳಿಕೆ ಇಟ್ಟುಕೊಂಡು, ಬಾಯಿ ಮುಚ್ಚಿ, ಗೋಡೆ ನೋಡುತ್ತಾ ಮಲಗಿದ್ದಳು. ನಾನು ಮಾತಾಡಿಸಿದರೆ ರೆಪ್ಪೆ ಆಡಿಸುತ್ತಿದ್ದಳು. ಬರೆಯಲು ಪೆನ್ನು ಕೊಟ್ಟರೆ ಪಕ್ಕಕ್ಕಿಟ್ಟಳು. ಮನೆಗೆ ಹೋಗಿ ಬರುವಾಗಲೆಲ್ಲ ನಮ್ಮ ಮಹಡಿ ಮೆಟ್ಟಿಲಿನ ಕಡೆ ನೋಡದೆ ಹೊರಟುಬಿಡುತ್ತಿದ್ದೆ.

ಒಂದು ಬೆಳಗ್ಗೆ ಸರ್ಜನ್ ತಮ್ಮ ಜೂನಿಯರ್‌ಗಳ ಜೊತೆ ರೌಂಡ್ಸಿಗೆ ಬಂದರು. ಹಾಸಿಗೆಯ ಪಕ್ಕ ನಿಂತು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದರು. ತೆಗೆದ ಗಡ್ಡೆಯ ಅಂಚೆಲ್ಲ ಕ್ಲಿಯರ್, ರೋಗ ಒಳಗೆ ಉಳಿದಿಲ್ಲ, ಗಾಯ ಚೆನ್ನಾಗಿ ಕೂಡುತ್ತಿದೆ. ಹೊರಟುಹೋದರು.

ಮಣಿಕಟ್ಟಿನ ಮೇಲೆ ಏನೋ ತಾಗಿತು. ನೋಡಿದರೆ ಅವಳ ಎರಡು ಬೆರಳು.

ಅವಳಿಗೆ ಎಲ್ಲ ಅರ್ಥವಾಗಿತ್ತು, ನನಗೆ ಗೊತ್ತು. ನಾನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ, "ಮದುವೆ ನಿಶ್ಚಯ ಆಯ್ತಂತೆ."

ಚಿಕ್ಕ ಮೌನ. ಕೊಳಗ ಉರುಳಲಿಲ್ಲ. ನಾನು ಕಾದೆ, ಅಭ್ಯಾಸಬಲ. ಅವಳ ಹೆಗಲು ಕುಲುಕತೊಡಗಿತು, ಹೊಟ್ಟೆ ಕುಲುಕಿತು, ನಳಿಕೆಯಿಂದ ಉಸಿರು ಪುಸುಪುಸು ಎಂದು ನುಗ್ಗಿ ಬಂತು, ಕಣ್ಣಿನ ಎರಡೂ ಕೊನೆಯಿಂದ ನೀರಿಳಿಯಿತು. ಮಂಚ ಅಲುಗಾಡಿತು. ನರ್ಸ್ ಹುಡುಗಿ ಓಡಿ ಬಂದಳು.

"ಏನಾಯ್ತು? ಏನಂತಿದಾರೆ ಇವ್ರು?"

ಮತ್ತೆ ನಡುವಿನ ಸೀಟಿನಲ್ಲಿ ನಾನೇ.

"ನಗ್ತಾ ಇದಾಳಮ್ಮ," ಅಂದೆ.

ನರ್ಸ್ ಹುಡುಗಿ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. "ಅಯ್ಯೋ, ಇಷ್ಟು ಜೋರಾಗಿ ನಗ್ಬೇಡಿ ಅಂತ ಹೇಳಿ ಮೇಡಂ. ಹೊಲಿಗೆ ಇನ್ನೂ ಹಸಿ ಇದೆ."

"ಜೋರಾಗಿ" ಅಂದಳು ಆ ಹುಡುಗಿ. ನಾನು ಅದನ್ನು ಒಂದಕ್ಷರವೂ ಬದಲಿಸದೆ ನಾದಿನಿಗೆ ತಲುಪಿಸಿದೆ.